ಎಲ್ಲಿ ಅಗೆಯಬಾರದು

ಸಾತನೂರು
೧೧ ಫೆಬ್ರವರಿ ೨೦೦೮

ಹಾರೋಹಳ್ಳಿ ಸೇರಿದ ನಮ್ಮ ಯಜಮಾನರಿಗೆ, ಭಾನುಪ್ರಿಯ ಮಾಡುವ ನಮಸ್ಕಾರಗಳು.

ಫ್ಯಾಕ್ಟರಿಗೆ ಭಾನುವಾರ ರಜೆಯಿದ್ದರೂ ಊರ ಕಡೆ ತಲೆ ಹಾಕದವರಿಗೆ ಕಾಗದವನ್ನೇ ಬರೆಯಬೇಕು. ಫೋನು ಮಾಡಿದರೆ ನಿಮ್ಮ ದನಿ ಕೇಳಿ ಸಿಟ್ಟು ಬರುತ್ತದೆ, ಕೇಳಬೇಕಾದದ್ದು ಬಾಯಲ್ಲೇ ಉಳಿಯುತ್ತದೆ.

ಈ ಸಲದ ಚಳಿಗೆ ಹಿತ್ತಿಲು ಹಾಳಾಯಿತು. ಸಂಕ್ರಾಂತಿ ಕಳೆದು ಸುರಿದ ಮಂಜಿಗೆ ಬದನೆ, ಟೊಮೆಟೊ, ಕನಕಾಂಬರ ಎಲ್ಲ ಬೆಂದ ಸೊಪ್ಪಿನ ಹಾಗೆ ಕಪ್ಪಾದವು. ಯುಗಾದಿಯೊಳಗೆ ಚಪ್ಪರ ಏಳಲಿ ಎಂದು ಅತ್ತೆ ಹೀರೆ, ಪಡುವಲದ ಬೀಜ ತೆಗೆದಿಟ್ಟಿದ್ದಾರೆ. ಒಣಗಿದ್ದನ್ನೆಲ್ಲ ಕಿತ್ತೆ, ಗೊಬ್ಬರ ತಂದು ಸುರಿದೆ. ಗುದ್ದಲಿ ಎತ್ತಿದವಳಿಗೆ ಇಳಿಸಲು ಆಗಲಿಲ್ಲ.

ನಮ್ಮ ಮಗು ಎಲ್ಲಿದೆ?

ಮೂರೇ ದಿನಕ್ಕೆ ಕಣ್ಣು ಮುಚ್ಚಿದ ಕೂಸಿನ ಹಿಂದೆ ತಾಯಿ ಹೋಗುವಂತಿಲ್ಲ ಎಂದು ಶ್ರಾವಣದಲ್ಲಿ ನನ್ನನ್ನು ಒಳಗೇ ಮಲಗಿಸಿದರು. ನೀವು ಕೂಸನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿಕೊಂಡು ಹಿಂಬಾಗಿಲಿನಿಂದ ಹೋದಿರಿ. ಹಂಡೆಯ ನೀರು ಕಾಯುವಷ್ಟರಲ್ಲಿ ಬಂದು ಸ್ನಾನಕ್ಕೆ ನಿಂತಿರಿ. ಅಷ್ಟು ಬೇಗ ಬಂದವರು ಹಿತ್ತಿಲು ದಾಟಿರಲಾರಿರಿ. ಅಂದಿನಿಂದ ನಾನಲ್ಲಿ ಚಪ್ಪಲಿ ಮೆಟ್ಟಿಲ್ಲ. ಆಗ ಗಿಡಗಳು ನಿಂತಿದ್ದವು, ಅಗೆಯುವ ಕೆಲಸ ಬಂದಿರಲಿಲ್ಲ.

ಈಗ ಬೆಳಗ್ಗೆ ಎದ್ದು ನೋಡಿದರೆ ನೆಲವೆಲ್ಲ ಮಂಜಿಗೆ ನೆನೆದಿರುತ್ತದೆ, ಒಂದು ಮೊರದಷ್ಟು ಜಾಗ ಮಾತ್ರ ಒಣಗಿರುತ್ತದೆ. ಒಂದು ದಿನ ಕರಿಬೇವಿನ ಬುಡದಲ್ಲಿ, ಮಾರನೆಯ ದಿನ ಒಗೆಯುವ ಕಲ್ಲಿನ ಹತ್ತಿರ. ಮುಟ್ಟಿದರೆ ಬೆಚ್ಚಗಿರುತ್ತದೆ. ಪಕ್ಕದ ಮನೆಯ ಬದ್ರುನ್ನೀಸಾ ಅವರನ್ನು ಕರೆದು ತೋರಿಸಿದೆ. "ನಂಗೇನೂ ಕಾಣಕಿಲ್ಲ ಕಣವ್ವ, ಎಲ್ಲಾ ಕಡೆನೂ ಮಂಜೇ ಐತೆ. ಒಳೀಕೆ ನಡಿ," ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಭಯವಾಗುತ್ತಿದೆ.

ಜಾಗ ಹೇಳಲಿಲ್ಲವೆಂದೇ ನಿಮ್ಮನ್ನು ಕಟುಕ ಎಂದೆ. ನೀವು ತಲೆ ತಗ್ಗಿಸಿ ಬಟ್ಟೆ ತುಂಬಿಕೊಂಡು ಹೋದಿರಿ. ಆಗಲಾದರೂ ಬಾಯಿ ಬಿಡಬಾರದಿತ್ತೇ? ನನಗೆ ಅಲ್ಲಿ ಕೂತು ಅಳುವ ಆಸೆಯಿಲ್ಲ. ಗುದ್ದಲಿ ತಾಗದಿದ್ದರೆ ಸಾಕು. ಈ ಭಾನುವಾರ ಬಂದು ಒಂದು ಕೋಲು ನೆಟ್ಟು ಹೋಗಿ. ಊಟಕ್ಕೆ ನಿಲ್ಲಿ ಎಂದು ಬಲವಂತ ಮಾಡುವುದಿಲ್ಲ.

ನಿಮ್ಮ ಹೆಂಡತಿ,
ಭಾನುಪ್ರಿಯ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದೆ. ಜಾಗ ಮುಚ್ಚಿಟ್ಟವರು ನೀವೇ ಎಂದು ಅತ್ತೆಗೂ ಊರಿಗೂ ನಾನು ಹೇಳಿಕೊಂಡು ಬಂದಿರುವುದು ಸುಳ್ಳು. ಆವತ್ತು ನೀವು ಸ್ನಾನ ಮುಗಿಸಿ ನನ್ನ ಪಕ್ಕ ಕೂತು ಹೇಳಲು ಹೊರಟಿರಿ. ನಿಮ್ಮ ಬಾಯಿ ಮುಚ್ಚಿ, ನಾನೇ ಬೇಡಿಕೊಂಡರೂ ಯಾವತ್ತೂ ಹೇಳಕೂಡದೆಂದು ಮಗುವಿನ ಮೇಲೆ ಆಣೆ ಹಾಕಿಸಿದವಳು ನಾನೇ. ಆ ಆಣೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಹೇಳಿ.