ಲೀಗಿಗೆ ಬೇರೆ ಹೊಲ ನೋಡಿಕೊಳ್ಳಿ

ಭಾವನವರಿಗೆ,

‘ಬಯಲಿಗೆ ಬಾಗಿಲಿಲ್ಲ’ ಎಂದೋ ‘ಬೀಗವಿಲ್ಲ’ ಎಂದೋ ಒಂದು ಸಾಲು ಓದಿದ ನೆನಪು. ಹೇಗಿದ್ದರೂ ಅದು ಸುಳ್ಳೆಂದು ನೀವು ನಿನ್ನೆ ತೋರಿಸಿದಿರಿ.

ನನ್ನ ಬೀಳುಹೊಲದಲ್ಲಿ ಮಕ್ಕಳ ಫುಟ್‌ಬಾಲ್ ಲೀಗ್ ಶುರುವಾದಾಗ ಆಡುವವರೇ ಸಾಲದೆ, ಗೆಲ್ಲುವ ತಂಡ ಸೋಲುವ ತಂಡಕ್ಕೆ ಒಬ್ಬರನ್ನು ಬಿಟ್ಟುಕೊಡುತ್ತಿತ್ತು. ಹಾಗೆ ಎಲ್ಲ ತಂಡಗಳಿಗೂ ಗೋಲು ಕಾದವಳು ನನ್ನ ಮಗಳು. ಈಗ ಸುತ್ತಲಿನ ಹಳ್ಳಿಗಳೆಲ್ಲ ಸೇರಿ ಹುಡುಗರು ಸಾಕಷ್ಟಾದರೆಂದು, ಅಧ್ಯಕ್ಷರಾದ ನೀವು ಹುಡುಗಿಯರನ್ನು ಕೈಬಿಟ್ಟಿರಿ. “ಇನ್ಮೇಲೆ ನೀನು ಚಪ್ಪಾಳೆ ಹೊಡಿಯಮ್ಮ” ಎಂದು ಅವಳನ್ನು ನೋಡಿ ನಕ್ಕಿರಂತೆ.

ನಾಳೆಯಿಂದ ನಿಮ್ಮ ಲೀಗಿಗೆ ಬೇರೆ ಹೊಲ ನೋಡಿಕೊಳ್ಳಿ. ರಾಜಿಗೆಂದು ನನ್ನ ಗಂಡನನ್ನು ಕಳಿಸಬೇಡಿ.

ನಿಮ್ಮ ತಮ್ಮನ ಹೆಂಡತಿ

ಪತ್ರ ಮಡಿಸುವಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಹೇಳಿದ್ದನ್ನೂ ಸೇರಿಸಿದ್ದೇನೆ: “ಅಕ್ಕಾ, ನನ್ ಇಬ್ರೂ ಹುಡುಗೀರನ್ನ ನಿಮ್ ಹೊಲಕ್ಕೆ ಕಳಿಸ್ತೀನಿ, ಆಡ್ಲಿ. ನಿಮ್ ಭಾವ ಬೇಕಾದ್ರೆ ಬೇಲಿ ಆಚೆ ನಿಂತು ನೋಡ್ಲಿ.”