ಎಂಟನೆಯ ತಿಂಗಳು

ಏಪ್ರಿಲ್ 29, 1948. ಗುರುವಾರ

ಏಳಕ್ಕೇ ಗೂಡ್ಸ್ ಆಫೀಸು. ಹೊಸ ಹುಕುಂ ಬಂದಿದೆ — ನಿಜಾಮನ ಸೀಮೆಗೆ ಹೋಗುವ ಯಾವ ವ್ಯಾಗನ್ನೂ ಹುಬ್ಬಳ್ಳಿ ಬಿಡಬಾರದು. ಕೆಂಪು ಚೀಟಿ ಅಂಟಿಸಿ ಸೈಡಿಂಗಿಗೆ ತಳ್ಳುವುದು. ಹೈದರಾಬಾದು ಭಾರತಕ್ಕೆ ಸೇರಲು ಒಪ್ಪುವವರೆಗೂ ಹೀಗೆಯೇ ಅಂತೆ. ಸರಿಯಾಯಿತು ಎಂದೆ, ಎಲ್ಲರಿಗೂ ಕೇಳುವಂತೆಯೇ ಎಂದೆ. ಹೋದ ಆಗಸ್ಟಿನಲ್ಲಿ ನಾವು ಇಲ್ಲಿ ಪೇಢೆ ಹಂಚಿದೆವು. ಎಪ್ಪತ್ತು ಮೈಲಿ ಆಚೆ ಕೊಪ್ಪಳದಲ್ಲಿ ನಮ್ಮ ಬಾವುಟ ಹಿಡಿಯಲೂ ಹೆದರುತ್ತಿದ್ದರು.

ಮಧ್ಯಾಹ್ನ ಆ ಕೊಪ್ಪಳದಿಂದಲೇ ಮಗಳ ಕಾಗದ. ತಾರಾಳಿಗೆ ಏಳನೆಯ ತಿಂಗಳು. ಕರೆಯಲು ಯಾವಾಗ ಬರುತ್ತೀರಿ ಎಂದು ಕೇಳಿದ್ದಾಳೆ. ಅಳಿಯ ತ್ರ್ಯಂಬಕ ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟಿನ ಡ್ರಾಫ್ಟ್ಸ್‌ಮನ್. ಇವತ್ತು ನಾನು ಚೀಟಿ ಅಂಟಿಸಿದ್ದರಲ್ಲಿ ಅವನ ಸಿಮೆಂಟೂ ಇತ್ತು. ಮಾವನೆಂದರೆ ಹೀಗಿರಬೇಕು.

ಹೆಂಡತಿ ಗೋದಾ ಆಗಲೇ ಹುಕುಂ ಕೊಟ್ಟಳು — "ಏಳು ಮುಗಿಯೂದ್ರಾಗ ಕರಕೊಂಡು ಬರ್ರಿ. ಎಂಟರಾಗ ಬಸರಿನ್ನ ದಾರಿಗೆ ಹಚ್ಚಬಾರದು." ಇವಳ ಹುಕುಮಿಗೆ ಅಪೀಲಿಲ್ಲ.

ಮೇ 8

ಲೀವ್ ಇಲ್ಲ. ತಡೆದ ವ್ಯಾಗನ್ನುಗಳ ಯಾದಿ ದಿನಾ ಮುಂಬಯಿಗೆ ಹೋಗಬೇಕಂತೆ, ಅದನ್ನು ಬರೆಯುವವನು ನಾನೊಬ್ಬನೇ ಅಂತೆ. ಹದಿನೆಂಟು ವರ್ಷದಲ್ಲಿ ನನ್ನ ಅಕ್ಷರ ಚೆನ್ನಾಗಿದೆ ಎಂದು ಸಾಹೇಬರಿಗೆ ಈಗ ಕಂಡಿದೆ.

ಚಹಾದ ಹೊತ್ತಿಗೆ ಷೆಡ್ಡಿನಲ್ಲಿ ಚರ್ಚೆ. ನಿಜಾಮ ವಿಶ್ವಸಂಸ್ಥೆಗೆ ಹೋಗುತ್ತಾನೆ, ಅಮೆರಿಕ ಏನು ಹೇಳುತ್ತದೆ, ಪಾಕಿಸ್ತಾನ ಏನು ಕೊಡುತ್ತದೆ. ಎಲ್ಲರೂ ವಕೀಲರೇ. ಗಾರ್ಡ್ ಗುಲಾಬಸಾಬ ಮಾತ್ರ ಬಸಿಯಲ್ಲಿ ಚಹಾ ಊದುತ್ತ ಕುಳಿತಿದ್ದ. ನಾವಿಬ್ಬರೂ ಒಂದೇ ವರ್ಷ ನೌಕರಿಗೆ ಸೇರಿದವರು. ಆಮೇಲೆ ನನ್ನೊಬ್ಬನಿಗೇ ಹೇಳಿದ — "ರಾಯರ, ಪ್ಯಾಸೆಂಜರ್ ಇನ್ನೂ ಓಡಾಕತ್ತೈತಿ. ಲಗೂ ಹೋಗಿ ಮಗಳನ್ನ ಕರಕೊಂಡು ಬರ್ರಿ. ನಾಳಿ ಏನಕ್ಕೈತಿ ಯಾರಿಗ್ಗೊತ್ತು."

ಮೇ 16. ಭಾನುವಾರ

ಕೊಪ್ಪಳದಿಂದ ವಾಪಸು. ಒಬ್ಬನೇ.

ಲೀವ್ ಸಿಕ್ಕಿದ್ದು ಶುಕ್ರವಾರ. ಶುಕ್ರವಾರ ಹೆಣ್ಣುಮಗಳನ್ನು ಹೊರಡಿಸುವಂತಿಲ್ಲ, ಅದಕ್ಕೆ ನಿನ್ನೆ ಹೋದೆ. ತಾರಾ ಟ್ರಂಕಿಗೆ ಹಗ್ಗ ಬಿಗಿದು, ಹಸಿರು ಇಳಕಲ್ ಸೀರೆ ಉಟ್ಟು ಕುಳಿತಿದ್ದಳು. ಮುಖ ತುಂಬಿಕೊಂಡಿದೆ. ಕಾಲು ಸ್ವಲ್ಪ ಬಾತಿವೆ.

ಬೀಗತಿ ಲಕ್ಷ್ಮೀಬಾಯಿ ಬೆರಳು ಮಡಿಚಿ ಎಣಿಸಿದರು. "ಮೊನ್ನಿಗೇ ಏಳು ಮುಗೀತಲ್ರಿ ರಾಯರ. ಈಗ ಎಂಟು. ನಮ್ಮ ಮನ್ಯಾಗ ಎಂಟರಾಗ ಯಾರನ್ನೂ ಕಳಿಸಿಲ್ಲ. ಒಂಬತ್ತು ಹತ್ತಿದ ಮ್ಯಾಲೆ ಬರ್ರಿ."

ತ್ರ್ಯಂಬಕ ತಾಯಿಗೆ ಎದುರಾಡುವವನಲ್ಲ. ನನ್ನ ಮುಖ ನೋಡಿದ. ತಾರಾಳೂ ನೋಡಿದಳು. ನಾನು ಪಂಚಾಂಗವನ್ನು ಹಾಸ್ಯ ಮಾಡುವವನು, ಗ್ರಹಣದಲ್ಲಿ ಊಟ ಮಾಡಿದವನು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಮನೆಯಲ್ಲಿ ಗೋದಾ ಕೂಡ ಇದನ್ನೇ ಹೇಳುವವಳು; ನಾಳೆ ಏನಾದರೂ ಆದರೆ ಇಬ್ಬರೂ ಹೆಂಗಸರು ನನ್ನ ಕಡೆಗೇ ಬೆರಳು ತೋರಿಸುತ್ತಾರೆ... ಅಷ್ಟೇ ಲೆಕ್ಕ ಹಾಕಿದೆ. ತಿಂಗಳಲ್ಲಿ ಬರುತ್ತೇನೆ ಎಂದೆ.

"ಆಗ್ಲಿ ಅಪ್ಪಾ," ಎಂದು ಟ್ರಂಕಿನ ಹಗ್ಗ ತಾನೇ ಬಿಚ್ಚಿದಳು.

ತ್ರ್ಯಂಬಕ ಸ್ಟೇಷನ್ನಿನವರೆಗೂ ಅಣೆಕಟ್ಟಿನ ಮಾತೇ ಆಡಿದ. "ಸಿಮೆಂಟ್ ಇಲ್ಲ, ಮಂದಿ ಸುಮ್ನ ಕೂತಾರ ಮಾಮಾ. ನದಿಯ ಆ ದಂಡಿಗೆ ಮದ್ರಾಸಿನವರು ಕಟ್ಟಲಿಕ್ಕತ್ತಾರ, ಈ ದಂಡಿಗೆ ನಾವು ಖಾಲಿ. ಅರ್ಧಾ ಕಟ್ಟಿದರ ನೀರು ನಿಲ್ತದೇನು?" ಪಾಪ, ಅವನಿಗೆ ಅದೇ ಒಂದು ಚಿಂತೆ. ರೈಲಿನಲ್ಲಿ ಜಾಗವೋ ಜಾಗ. ಕಾಲು ಚಾಚಿ ಮಲಗಿ ಬಂದೆ.

ಜೂನ್ 17

ಒಂಬತ್ತು ಹತ್ತಿ ನಾಲ್ಕು ದಿನ. ನಾಳೆ ಶುಕ್ರವಾರ, ಬೇಡ. ಶನಿವಾರ ಹೊರಡುವುದು, ಲೀವ್ ಬರೆಸಿಟ್ಟಿದ್ದೇನೆ. ಗೋದಾ ಬಾಣಂತಿ ಖೋಲಿಗೆ ಸುಣ್ಣ ಹೊಡೆಸಿ, ಹೊರಸು ಬಿಗಿಸಿದ್ದಾಳೆ. ಮನೆ ತುಂಬ ಬಾಣಂತಿ ಉಂಡಿಯ ಸಾಮಾನು — ಅಳವಿ, ಒಣಕೊಬ್ಬರಿ, ಅಂಟು.

ಸಂಜೆ ರೇಡಿಯೋ ಕೇಳಿ ಬಂದವರು ಹೇಳಿದರು — ದಿಲ್ಲಿಯ ಮಾತುಕತೆ ಮುರಿದುಬಿತ್ತು. ನಿಜಾಮ ಒಪ್ಪಲಿಲ್ಲ. ಇನ್ನೂ ಎರಡು ದಿನ ಹಗ್ಗ ಜಗ್ಗಾಡುವುದಕ್ಕೇನಾಗಿತ್ತು ಇವರಿಗೆ?

ಜೂನ್ 20. ಗದಗ, ವೇಟಿಂಗ್ ರೂಮು

ನಿನ್ನೆಯಿಂದ ಇಲ್ಲೇ. ಪ್ಯಾಸೆಂಜರ್ ಗದಗಿಗೇ ಮುಗಿಯಿತು. ಮುಂದೆ ಭರವಸೆಯಿಲ್ಲ, ಮೊನ್ನೆ ಗಾಡಿಗೆ ಕಲ್ಲು ಬಿದ್ದಿವೆ, ಬೋಗಿಗೆ ನುಗ್ಗಿದ್ದಾರೆ. ಲಾರಿಯವರನ್ನು ಕೇಳಿದೆ, ನಕ್ಕರು. ಆ ಕಡೆಯಿಂದ ಜನ ಬರುತ್ತಲೇ ಇದ್ದಾರೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೋಳಿ, ರಜಾಕಾರರ ಕಥೆ. ಬಸುರಿ ಹೆಂಗಸರು ಯಾರಾದರೂ ಬಂದರೆ ಎದ್ದು ಹೋಗಿ ಮುಖ ನೋಡುತ್ತೇನೆ.

ಜುಲೈ 9. ಶುಕ್ರವಾರ

ತಾರಾಳ ಕಾಗದ. ಹೊಸಪೇಟೆ, ಬಳ್ಳಾರಿ ಸುತ್ತಿ ಹನ್ನೆರಡು ದಿನಕ್ಕೆ ಬಂದಿದೆ. "ಅಪ್ಪಾ, ನೀವು ಬರುವ ಧಾಡಸಿ ಮಾಡಬೇಡಿರಿ. ಡಾಕ್ಟರು ಸಂಸಾರ ಸಮೇತ ಊರು ಬಿಟ್ಟರು. ಸೂಲಗಿತ್ತಿ ಛಲೋ ಇದ್ದಾಳೆ. ಇವರು ಮನೆಯಲ್ಲೇ ಇರುತ್ತಾರೆ, ಕೆಲಸ ನಿಂತಿದೆ. ಅವ್ವನಿಗೆ ಅಳಬೇಡ ಅಂತ ಹೇಳಿರಿ." ಡಾಕ್ಟರಿನ ಸಾಲು ಬಿಟ್ಟು ಗೋದಾಳಿಗೆ ಓದಿ ಹೇಳಿದೆ.

ಗುಲಾಬಸಾಬನಿಗೆ ಪೂರ್ತಿ ತೋರಿಸಿದೆ. ಎರಡು ಸಲ ಓದಿ, ಮಡಿಚಿ ಕೈಗೆ ಕೊಟ್ಟ. "ನಮ್ಮ ಅಕ್ಕ ಲಾಲಬಿ ಗಡಿ ಹಳ್ಳ್ಯಾಗ ಅದಾಳ. ಚಕ್ಕಡಿ ಐತಿ. ನಾ ಹೋಗಿ ತಾರವ್ವನ ಕರಕೊಂಡು ಬರ್ಲೇನ್ರಿ?"

"ಹುಚ್ಚಾ. ಸಾಬರ ಚಕ್ಕಡ್ಯಾಗ ಬ್ರಾಹ್ಮಣರ ಬಸರಿ. ಆ ಕಡೆ ಅವರು ತಡೀತಾರ, ಈ ಕಡೆ ನಮ್ಮವರು ನಿನ್ನ ಕಡೀತಾರ."

"ಖರೇ ಐತಿ, ಇಲ್ಲಿ ಮಂದಿನೂ ಈಗ ನನ್ನ ಯಾ ಊರಾಂವ ಅಂತ ಕೇಳಾಕತ್ತಾರ," ಎಂದ. ಹದಿನೆಂಟು ವರ್ಷದಿಂದ ಹುಬ್ಬಳ್ಳಿಯಲ್ಲೇ ಇದ್ದಾನೆ. ಆದರೂ ಹೋಗುತ್ತೇನೆ ಎಂದೇ ಅಂದ. ನಾನು ಬೇಡ ಎಂದೆ. ಅವನ ಜೀವಕ್ಕೆ ಹೆದರಿ ಅಂದೆನೋ, ಊರ ಬಾಯಿಗೆ ಹೆದರಿ ಅಂದೆನೋ — ಬರೆಯುವಾಗಲೂ ತಿಳಿಯುತ್ತಿಲ್ಲ. ನನ್ನ ಮೇಲೆ ನನಗೇ ಅಸಹ್ಯ.

ಜುಲೈ 26. ಮಧ್ಯಾಹ್ನ 4

ಬರೆಯಲೇಬೇಕು.

ಹನ್ನೊಂದಕ್ಕೆ ತ್ರ್ಯಂಬಕ ಗೂಡ್ಸ್ ಆಫೀಸಿಗೇ ಬಂದ. ನದಿ ದಾಟಿ, ಹೊಸಪೇಟೆ ಹಿಡಿದು, ಆರು ದಿನ. ಗಡ್ಡ. ತಲೆ ಬೋಳು. ಕಂಡ ಕೂಡಲೇ ತಿಳಿಯಿತು. ಆದರೂ "ಯಾವಾಗ ಬಂದ್ರಿ?" ಎಂದು ಕೇಳಿದೆ.

ಜುಲೈ ಐದಕ್ಕೆ ನೋವು ಬಂತು, ಎರಡು ದಿನ. ಕೂಸು ಅಡ್ಡ ಇತ್ತು. ಡಾಕ್ಟರಿಲ್ಲ. ಹೊಸಪೇಟೆಯ ಆಸ್ಪತ್ರೆಗೆ ಒಯ್ಯೋಣವೆಂದರೆ ಗಾಡಿಯಿಲ್ಲ, ಪೆಟ್ರೋಲಿಲ್ಲ. ಏಳನೆಯ ತಾರೀಖು ಮುಂಜಾನೆ ಇಬ್ಬರೂ ಹೋದರು. ನಾನು ಅವಳ ಕಾಗದ ಓದಿ ಹೇಳಿದ್ದು ಒಂಬತ್ತಕ್ಕೆ.

"ತಪ್ಪು ನಂದು ಮಾಮಾ. ಅಂದು ಅವ್ವಗ ನಾ ಹೇಳಬೇಕಿತ್ತು," ಎಂದ. ನಾನು ಯಾದಿ ಮಡಿಚಿಟ್ಟು ಎದ್ದೆ.

ಮನೆಗೆ ಕರೆತಂದಿದ್ದೇನೆ. ನಡುಮನೆಯಲ್ಲಿ ಗೋಡೆಗೆ ಒರಗಿದ್ದಾನೆ, ನೀರು ಕೂಡ ಬೇಡ ಎನ್ನುತ್ತಾನೆ. ಗೋದಾ ಇಲ್ಲ. ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯಲು ಮುದಕವ್ವನನ್ನು ಗೊತ್ತು ಮಾಡಲು ಹೋಗಿದ್ದಾಳೆ. ಹೆರಿಗೆ ಅಲ್ಲೇ ಆಗಿದ್ದರೂ ಗಾಡಿ ಬಿಟ್ಟ ದಿನ ತಾರಾ ಬರುತ್ತಾಳೆ, ಮುದಕವ್ವ ಬೇರೆ ಮನೆ ಹಿಡಿದುಬಿಟ್ಟರೆ ಏನು ಗತಿ ಎಂದು ನಿನ್ನೆಯಿಂದ ಒಂದೇ ಸಮನೆ ಹೇಳುತ್ತಿದ್ದಳು.

ಬಾಗಿಲಲ್ಲಿ ದನಿ. ಮುದಕವ್ವನನ್ನು ಕರೆದುಕೊಂಡೇ ಬಂದಿದ್ದಾಳೆ. ನಗುತ್ತಿದ್ದಾರೆ ಇಬ್ಬರೂ. ಅಳಿಯನ ಚಪ್ಪಲಿ ಕಂಡಳು — "ಅಯ್ಯ, ಬಂದ್ರು! ಮುದಕವ್ವಾ, ಬಂದ್ರು! ತಾರಾ ಎಲ್ಲೆ? ಖೋಲ್ಯಾಗ ಮಲಗ್ಯಾಳೇನು, ಕೂಸು" —

ಖೋಲಿಯ ಕಡೆಗೇ ಹೋಗುತ್ತಿದ್ದಾಳೆ. ನಾನು ಏಳಬೇಕು. ಅವಳು ಬಾಗಿಲು ತೆರೆಯುವ ಮೊದಲು ನಾನು