ಎರಡು ಕಾಲಿನ ಅಳತೆ

ಮೂಗೂರಿನ ತಂಗಿ ಸುಂದ್ರಮ್ಮಣಿಗೆ, ನಂಜನಗೂಡಿನ ಆಸ್ಪತ್ರೆ ಮಂಚದಿಂದ ಅಕ್ಕ ಬರೆಯುವುದು.

ಮಧ್ಯಾಹ್ನ ಕಣ್ಣು ಮುಚ್ಚಿದರೆ ಕನಸಲ್ಲಿ ಅವ್ವ ನಿನಗೆ ಸೀರೆ ಉಡಿಸುತ್ತಿದ್ದಳು. ಎಷ್ಟು ಎಳೆದರೂ ಸೊಂಟಕ್ಕೆ ಸುತ್ತು ಸಾಲಲಿಲ್ಲ. ಎದ್ದವಳೇ ಈ ಕಾರ್ಡು ಬರೆಯಲು ಕೂತೆ.

ಇಲ್ಲಿ ನರ್ಸಮ್ಮ ದಿನಾ ದರ್ಜಿಯ ಟೇಪು ತಂದು ನನ್ನ ಎರಡೂ ಮೀನಖಂಡ ಅಳೆಯುತ್ತಾಳೆ. "ರವಿಕೆ ಹೊಲಿಯಕ್ಕಾ ತಾಯಿ?" ಅಂದೆ. "ಒಂದ್ ಕಾಲಲ್ಲಿ ರಕ್ತ ಎಪ್ಪುಗಟ್ಟಿತ್ತಲ್ಲಾ, ಊತ ಇಳ್ದು ಇನ್ನೊಂದರ ಸಮಕ್ಕೆ ಬಂತಾ ಅಂತ ನೋಡಕ್ಕೆ ಕಣವ್ವ, ಸುಮ್ಕಿರು" ಅಂದಳು. ಇಳಿದಿದೆ, ಮಾತ್ರೆ ನುಂಗುತ್ತಿದ್ದೇನೆ, ಗಾಬರಿಯಾಗಬೇಡ.

ಡಾಕ್ಟರು ಹೇಳಿದ್ದು ಕೇಳು. ಕೊಬ್ಬು ಹೊಟ್ಟೆಗೆ ಸೇರುತ್ತದೋ ತೊಡೆಗೆ ಸೇರುತ್ತದೋ ಅನ್ನುವುದೂ ಸ್ವಲ್ಪ ಮಟ್ಟಿಗೆ ಹೆತ್ತವರಿಂದಲೇ ಬರುತ್ತದಂತೆ. ಹೊಟ್ಟೆಗೆ ಸೇರುವವರಿಗೆ ಹೀಗೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚಂತೆ. ಅವ್ವನ ಸೊಂಟ, ನನ್ನದು, ನಿನ್ನದು ಒಂದೇ ಅಚ್ಚು. ನೀನು ಬೇರೆ ಎಡಗಾಲು ಭಾರ ಅಂದಿದ್ದೆ. ಫೋನಲ್ಲಿ ಹೇಳಿದರೆ ನಗುತ್ತೀಯ. ಕಾರ್ಡಾದರೆ ನಿಮ್ಮತ್ತೆಯೂ ಓದುತ್ತಾರೆ, ಹಿಡಿದು ನರಸೀಪುರದ ಆಸ್ಪತ್ರೆಗೆ ಅಟ್ಟುತ್ತಾರೆ.

ಜಾಗ ಮುಗಿಯಿತು. ಮೊನ್ನೆ ನನ್ನ ಮಾತಿಗೆ ಅಳೆದು ಎರಡು ಕಾಲೂ ಹದಿಮೂರು ಇಂಚು, ಸಮ ಇದೆ ಅಂದೆಯಲ್ಲ, ನಿನ್ನ ಆತುರ ನನಗೆ ಗೊತ್ತು. ಒಂದೇ ಕಾಲನ್ನು ಎರಡು ಸಲ ಅಳೆದೆಯೋ ಏನೋ, ಇನ್ನೊಮ್ಮೆ ನೋಡು ತಂಗಿ.

ಅಕ್ಕ ಚನ್ನಾಜಮ್ಮ